ಸತ್ತ ಇರುವೆಯನ್ನು ಹೊತ್ತು ಎಲ್ಲಿಗೆ ಹೋಗುತ್ತವೆ?

ಪುಷ್ಯ ಮಳೆ ಹಿಡಿದರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿಯಿಂದ ತೋಟ ಕಾಣುವುದಿಲ್ಲ. ಕರೆಂಟು ಹೋಗಿರುತ್ತದೆ. ಮಳೆ ಜಾಸ್ತಿ ಅಂತ ಶಾಲೆಗೂ ರಜೆ ಕೊಟ್ಟಿರುತ್ತಾರೆ. ಅಂಥದೊಂದು ಮಧ್ಯಾಹ್ನ ಅಕ್ಕನ ಮಗಳು ಮೆಟ್ಟಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಏನನ್ನೋ ನೋಡುತ್ತಿದ್ದಳು. ಹೋಗಿ ನೋಡಿದರೆ ಒಂದು ಕಟ್ಟಿರುವೆ ಇನ್ನೊಂದು ಕಟ್ಟಿರುವೆಯನ್ನು ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೊರಟಿತ್ತು.

"ಮಾವ, ಅದಕ್ಕೆ ಹುಷಾರಿಲ್ವಾ? ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೆಯಾ?"

"ಇಲ್ಲ ಪುಟ್ಟಿ, ಅದು ಸತ್ತಿದೆ. ಸುಡುಗಾಡಿಗೆ ಒಯ್ತಿದೆ" ಅಂದೆ.

ಹೇಳಿದ ಮೇಲೆ ನನಗೇ ಅನುಮಾನ ಬಂತು. ಕಾಲು ಮಡಚಿಕೊಂಡಿದೆ ಎಂದ ಮಾತ್ರಕ್ಕೆ ಸತ್ತಿದೆ ಎನ್ನುವ ಹಾಗಿಲ್ಲ. ಗೂಡು ಬದಲಿಸುವಾಗ ಬದುಕಿರುವ ಇರುವೆಗಳನ್ನೂ ಹೀಗೇ ಹೊತ್ತುಕೊಂಡು ಹೋಗುತ್ತವೆ. ಹೊತ್ತಾಗ ಅವು ಕೈಕಾಲು ಮುದುಡಿಕೊಂಡು ಮೂಟೆಯ ಹಾಗೆ ಸುಮ್ಮನಾಗುತ್ತವೆ. ಹಾಗಾಗಿ ಎಲ್ಲಿಗೆ ಹೋಗುತ್ತದೆ ಎಂದು ನೋಡುವುದೊಂದೇ ದಾರಿ. ಇಬ್ಬರೂ ಟಾರ್ಚು ಹಿಡಿದು ಹಿಂಬಾಲಿಸಿದೆವು. ಮೆಟ್ಟಿಲ ಬದಿಯಿಂದ ಕೆಳಗಿಳಿದು, ಗೋಡೆಯ ಬುಡದಲ್ಲೇ ಸಾಗಿ, ಒರಗಿಸಿಟ್ಟ ಅಡಿಕೆ ಹಾಳೆಯ ಅಡಿಗೆ ಹೋಯಿತು. ಹಾಳೆ ಎತ್ತಿದರೆ ಒಂದು ಸಣ್ಣ ಗುಡ್ಡೆ. ಅದರಲ್ಲಿ ಸತ್ತ ಇರುವೆಗಳು, ಯಾವುದೋ ಹುಳದ ರೆಕ್ಕೆ, ಕಾಳಿನ ಹೊಟ್ಟು, ಜೇಡದ ಕಾಲು, ಮಣ್ಣಿನ ಹರಳು. ನಮ್ಮ ಇರುವೆ ಹೊತ್ತದ್ದನ್ನು ಅಲ್ಲಿ ಇಳಿಸಿ, ಮೀಸೆ ಒರೆಸಿಕೊಂಡು, ಬಂದ ದಾರಿಯಲ್ಲೇ ವಾಪಸ್ಸು ಹೋಯಿತು.

ಸತ್ತದ್ದಂತೂ ನಿಜವಾಯಿತು. ಸುಡುಗಾಡು ಮಾತ್ರ ತಪ್ಪು. ಅದು ತಿಪ್ಪೆ.

ಈ ತಪ್ಪನ್ನು ಮಾಡಿದವನು ನಾನೊಬ್ಬನೇ ಅಲ್ಲ. ಸುಮಾರು 2,000 ವರ್ಷಗಳ ಹಿಂದೆ ರೋಮಿನ ಪ್ಲಿನಿ ಎಂಬ ಪಂಡಿತ, ಮನುಷ್ಯನನ್ನು ಬಿಟ್ಟರೆ ತನ್ನವರ ಹೆಣವನ್ನು ಹೂಳುವ ಜೀವಿ ಇರುವೆ ಒಂದೇ ಎಂದು ಬರೆದಿಟ್ಟಿದ್ದಾನೆ. ಸಾಲು, ಶಿಸ್ತು, ಹೊರುವವರು, ಹೊತ್ತು ಹಾಕುವ ಒಂದು ಜಾಗ. ಇಷ್ಟನ್ನು ನೋಡಿದ ಯಾರಿಗಾದರೂ ಶವಯಾತ್ರೆಯೇ ನೆನಪಾಗುತ್ತದೆ, ಅಲ್ವಾ? ಆದರೆ ಅಲ್ಲಿ ನಡೆಯುತ್ತಿರುವುದು ಬೇರೆಯೇ. ನನ್ನ ಮಟ್ಟಿಗೆ ಅದು ಶವಯಾತ್ರೆಗಿಂತ ದೊಡ್ಡ ಬೆರಗು. ಸಾವು ಎಂದರೇನು ಎಂದು ಇರುವೆಗೆ ಗೊತ್ತಿದೆ ಅನ್ನುವುದಕ್ಕೆ ಯಾವ ಸಾಕ್ಷಿಯೂ ಇಲ್ಲ. ಅದಕ್ಕೆ ಗೊತ್ತಿರುವುದು ವಾಸನೆ. ಆ ವಾಸನೆಯ ಬಲದಿಂದಲೇ ಸಾವಿರಾರು ಜೀವಗಳಿರುವ ಒಂದು ಊರು ರೋಗ ಹರಡದಂತೆ ನೋಡಿಕೊಳ್ಳುತ್ತದೆ.

ಗೂಡಿನ ಒಳಗೆ ಎಷ್ಟು ಕತ್ತಲೆ ಎಂದು ಒಮ್ಮೆ ಊಹಿಸಿಕೊಳ್ಳಿ. ಅಲ್ಲಿ ಕಣ್ಣಿದ್ದೂ ಪ್ರಯೋಜನವಿಲ್ಲ. ಎದುರಿಗೆ ಬಂದದ್ದು ನಮ್ಮ ಗೂಡಿನದೋ ಬೇರೆಯದೋ, ರಾಣಿಯೋ ಮರಿಯೋ, ತಿನ್ನುವ ವಸ್ತುವೋ ಕಸವೋ, ಎಲ್ಲವನ್ನೂ ಮೀಸೆಯಿಂದ ಮುಟ್ಟಿ, ಮೈಮೇಲಿನ ವಾಸನೆಯಿಂದಲೇ ತಿಳಿಯಬೇಕು. ಇರುವೆಯ ಮೈಗೆ ಮೇಣದಂಥ ತೆಳುವಾದ ಲೇಪ ಇರುತ್ತದೆ. ಮೈ ಒಣಗದಂತೆ ಕಾಪಾಡುವುದು ಅದರ ಒಂದು ಕೆಲಸ. ತಾನು ಯಾರು ಎಂದು ಹೇಳುವುದು ಇನ್ನೊಂದು ಕೆಲಸ. ಹಾಗಾದರೆ ಸತ್ತದ್ದು ಹೇಗೆ ಗೊತ್ತಾಗುತ್ತದೆ? ಅಲುಗಾಡದೇ ಇದ್ದರೆ ಸತ್ತಂತೆ ಎಂದು ನಾವು ಅಂದುಕೊಳ್ಳುತ್ತೇವೆ. ಇರುವೆಗೆ ಹಾಗಲ್ಲ. ಗೂಡಿನ ನಡುವೆಯೇ ಒಂದು ಇರುವೆ ಸತ್ತು ಬಿದ್ದಿದ್ದರೂ ಕೆಲವು ಜಾತಿಗಳಲ್ಲಿ ಉಳಿದವು ಅದರ ಪಕ್ಕದಲ್ಲೇ ಓಡಾಡುತ್ತಿರುತ್ತವೆ. ಮುಟ್ಟಿ ನೋಡುತ್ತವೆ, ಮುಂದೆ ಹೋಗುತ್ತವೆ. ಒಂದೆರಡು ದಿನ ಕಳೆದ ಮೇಲೆ ಯಾವುದೋ ಒಂದು ಇರುವೆ ಅದರ ಹತ್ತಿರ ನಿಂತು, ಮೀಸೆ ಆಡಿಸಿ, ಕಚ್ಚಿ ಎತ್ತಿಕೊಂಡು ಸೀದಾ ಹೊರಗೆ ಹೊರಡುತ್ತದೆ.

ಆ ಒಂದೆರಡು ದಿನಗಳಲ್ಲಿ ಏನು ಬದಲಾಯಿತು? ಇದನ್ನು ಬಿಡಿಸಿದ್ದು ಅಮೆರಿಕದ ಎಡ್ವರ್ಡ್ ವಿಲ್ಸನ್ ಮತ್ತು ಅವರ ಇಬ್ಬರು ಜೊತೆಗಾರರು, 1958ರಲ್ಲಿ. ಅವರು ಹಿಡಿದದ್ದು ಕಾಳು ಕೂಡಿಡುವ ಒಂದು ಜಾತಿಯ ಇರುವೆಯನ್ನು. ಸತ್ತ ಇರುವೆಗಳಿಂದ ಸಾರ ತೆಗೆದು ಕಾಗದದ ಚೂರಿಗೆ ಹಚ್ಚಿ ಗೂಡಿನ ಬಳಿ ಇಟ್ಟರು. ಇರುವೆಗಳು ಆ ಕಾಗದವನ್ನೇ ಹೆಣವೆಂದು ಹೊತ್ತು ತಿಪ್ಪೆಗೆ ಹಾಕಿದವು! ಹಾಗಾದರೆ ಆಕಾರ ಲೆಕ್ಕಕ್ಕಿಲ್ಲ, ವಾಸನೆಯೇ ಎಲ್ಲ. ಮುಂದಿನ ಕೆಲಸ ಆ ಸಾರದಲ್ಲಿ ಯಾವುದು ಆ ವಾಸನೆ ಎಂದು ಹುಡುಕುವುದು. ಕೊಳೆತ ಮೀನಿನ ವಾಸನೆಯ ರಾಸಾಯನಿಕ, ಮಲದ ವಾಸನೆಯದ್ದು, ಹೀಗೆ ನಾವು ಸಾವಿನ ಜೊತೆ ಸೇರಿಸುವ ಗಬ್ಬು ವಾಸನೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದರು. ಇರುವೆಗಳು ಗಾಬರಿಯಾಗಿ ಓಡಾಡಿದವೇ ಹೊರತು ಹೊತ್ತೊಯ್ಯಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಓಲಿಯಿಕ್ ಆಮ್ಲ. ನಮ್ಮ ಮೂಗಿಗೆ ಅದು ಹೆಚ್ಚುಕಡಿಮೆ ಎಣ್ಣೆಯ ವಾಸನೆ, ಅಷ್ಟೇ.

ಈ ಆಮ್ಲ ನಮ್ಮ ಮನೆಗಳಲ್ಲಿ ಎಲ್ಲ ಕಡೆ ಇದೆ. ಕಡಲೆಕಾಯಿ ಎಣ್ಣೆಯಲ್ಲಿ ಇದರ ಪಾಲು ದೊಡ್ಡದು. ಮಳೆಗಾಲದಲ್ಲಿ ಕಾಲು ಒಡೆದರೆ ಹಚ್ಚುವ ಮುರುಗಲ ತುಪ್ಪದಲ್ಲೂ ಇದೆ. ಆದರೆ ಒಳ್ಳೆಯ ಎಣ್ಣೆಯಲ್ಲಿ ಅದು ಒಂಟಿಯಾಗಿ ಇರುವುದಿಲ್ಲ. ಇಂಥ ಮೂರು ಆಮ್ಲಗಳು ಒಂದು ಬೆನ್ನೆಲುಬಿಗೆ ಕಟ್ಟಿಕೊಂಡು ಕೊಬ್ಬಿನ ರೂಪದಲ್ಲಿರುತ್ತವೆ. ಎಣ್ಣೆಯ ಡಬ್ಬಿ ತೇವ ತಾಗಿ ಹಳತಾದರೆ ಒಂದು ಕಮಟು ವಾಸನೆ ಬರುತ್ತದಲ್ಲ, ಆ ಕಟ್ಟು ಬಿಚ್ಚಿಕೊಂಡು ಆಮ್ಲಗಳು ಬಿಡಿಬಿಡಿಯಾಗುವುದು ಅದಕ್ಕೊಂದು ಕಾರಣ. ಇರುವೆಯ ಮೈಯಲ್ಲಿಯೂ ಆಗುವುದು ಇಂಥದ್ದೇ. ಸತ್ತ ಮೇಲೆ ಮೈಯೊಳಗಿನ ಕೊಬ್ಬು ಒಡೆಯುತ್ತದೆ, ಓಲಿಯಿಕ್ ಆಮ್ಲ ಬಿಡಿಯಾಗಿ ಮೈಮೇಲೆ ಸೇರುತ್ತಾ ಹೋಗುತ್ತದೆ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಇರುವೆಗೆ ಸಾವು ಎಂದರೆ ಒಂದು ಬಗೆಯ ಕಮಟು.

ವಿಲ್ಸನ್ ಅಲ್ಲಿಗೆ ನಿಲ್ಲಿಸಲಿಲ್ಲ. ಓಲಿಯಿಕ್ ಆಮ್ಲವನ್ನು ಆರೋಗ್ಯವಾಗಿದ್ದ, ಬದುಕಿದ್ದ ಇರುವೆಗಳಿಗೇ ಹಚ್ಚಿದರು. ಗೂಡಿನ ಇರುವೆಗಳು ಅವುಗಳನ್ನು ಎತ್ತಿಕೊಂಡು, ಕಾಲು ಬಡಿಯುತ್ತಿದ್ದರೂ ಬಿಡದೆ, ತಿಪ್ಪೆಗೆ ತಂದು ಹಾಕಿದವು. ಹಾಕಿಸಿಕೊಂಡವು ಎದ್ದು ಮೈ ಒರೆಸಿಕೊಂಡು ಮನೆಗೆ ಬಂದವು. ವಾಸನೆ ಪೂರ್ತಿ ಹೋಗಿರದಿದ್ದರೆ ಬಾಗಿಲಲ್ಲೇ ಹಿಡಿದು ಮತ್ತೆ ಎತ್ತಿಕೊಂಡು ಹೋದವು. ಮೈ ಶುದ್ಧವಾಗುವವರೆಗೂ ಅವು ಸತ್ತವೇ. ನನಗೆ ಈ ಪ್ರಯೋಗ ಓದಿದಾಗ ಮೊದಲು ನಗು ಬಂತು, ಆಮೇಲೆ ಒಂದು ಥರ ಎದೆ ಭಾರವಾಯಿತು. ಒದ್ದಾಡುವ ಕಾಲಿಗಿಂತ ಮೈಮೇಲಿನ ವಾಸನೆಯೇ ದೊಡ್ಡ ಸಾಕ್ಷಿ ಆಗುವ ಲೋಕ ಅದು.

ಆದರೆ ಇಲ್ಲೊಂದು ತೊಡಕಿದೆ. ಓಲಿಯಿಕ್ ಆಮ್ಲ ಸೇರಲು ದಿನ ಬೇಕು. ಕೆಲವು ಜಾತಿಯ ಇರುವೆಗಳಾದರೋ ಸತ್ತು ಒಂದು ಗಂಟೆ ಆಗುವುದರೊಳಗೆ ಹೆಣ ಎತ್ತಿಬಿಡುತ್ತವೆ. ಅವುಗಳಿಗೆ ಹೇಗೆ ತಿಳಿಯಿತು? 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಾಂಗ್-ಹ್ವಾನ್ ಚೋ ಮತ್ತು ಸಂಗಡಿಗರು ಅರ್ಜೆಂಟೀನಾ ಇರುವೆಗಳ ಮೇಲೆ ಮಾಡಿದ ಕೆಲಸ ಇದನ್ನು ಬಹಳ ಚೆನ್ನಾಗಿ ತೆರೆದು ತೋರಿಸಿತು. ಅವರು ಕಂಡುಕೊಂಡದ್ದು ಹೀಗೆ. ಹೆಣ ಎತ್ತಿಸುವ ವಾಸನೆ ಸತ್ತ ಮೇಲೆ ಹುಟ್ಟಬೇಕಾಗಿಯೇ ಇಲ್ಲ. ಬದುಕಿರುವಾಗಲೇ ಅದು ಮೈಮೇಲೆ ಇದೆ. ಅದರ ಜೊತೆಗೆ ಬೇಗ ಆರಿಹೋಗುವ ಇನ್ನೆರಡು ರಾಸಾಯನಿಕಗಳೂ ಇವೆ. ಡೋಲಿಕೋಡಯಲ್ ಮತ್ತು ಇರಿಡೋಮಿರ್ಮೆಸಿನ್ ಎಂದು ಅವುಗಳ ಹೆಸರು. ಬದುಕಿರುವ ಇರುವೆಯ ಮೈಮೇಲೆ ಇವು ಇದ್ದೇ ಇರುತ್ತವೆ. ಸತ್ತರೆ ಒಂದು ಗಂಟೆಯೊಳಗೆ ಇವು ಆರಿಹೋಗುತ್ತವೆ, ಅಡಿಯಲ್ಲಿದ್ದ ಸಾವಿನ ವಾಸನೆ ಬಯಲಾಗುತ್ತದೆ.

ಸುಲಭವಾಗಿ ಹೇಳಬೇಕೆಂದರೆ, ಪ್ರತಿ ಇರುವೆಯ ಬೆನ್ನಿಗೂ "ನನ್ನನ್ನು ಹೊರಗೆ ಹಾಕಿ" ಎಂಬ ಚೀಟಿ ಮೊದಲೇ ಅಂಟಿದೆ. ಅದರ ಮೇಲೆ "ಇನ್ನೂ ಬದುಕಿದ್ದೇನೆ" ಎಂಬ ಇನ್ನೊಂದು ಚೀಟಿ. ಉಸಿರಿರುವ ತನಕ ಮೇಲಿನ ಚೀಟಿ ಉಳಿದಿರುತ್ತದೆ. ಚೋ ಅವರ ತಂಡ ಸಾವಿನ ವಾಸನೆಯ ಜೊತೆಗೆ ಆ ಬದುಕಿನ ರಾಸಾಯನಿಕಗಳನ್ನೂ ಹಚ್ಚಿ ನೋಡಿತು. ಇರುವೆಗಳು ಹೊರಗೆ ಹಾಕುವುದು ಕಡಿಮೆಯಾಯಿತು.

ಎಲ್ಲ ಜಾತಿಗಳಿಗೂ ಒಂದೇ ವಾಸನೆ, ಒಂದೇ ಲೆಕ್ಕ ಎಂದು ತಿಳಿಯಬೇಡಿ. ಒಂದೇ ಜಾತಿಯಲ್ಲೂ, ಒಂದೇ ವಾಸನೆಗೂ ಅರ್ಥ ಬದಲಾಗುತ್ತದೆ. ಡೆಬೊರಾ ಗಾರ್ಡನ್ 1983ರಲ್ಲಿ ತೋರಿಸಿದ್ದು ಇದನ್ನೇ. ಗೂಡಿನ ಇರುವೆಗಳು ಕಸ ಎತ್ತುವ ಕೆಲಸದಲ್ಲಿ ತೊಡಗಿರುವಾಗ ಓಲಿಯಿಕ್ ಆಮ್ಲ ಹಚ್ಚಿದ ಚೂರು ಇಟ್ಟರೆ ತಿಪ್ಪೆಗೆ ಹೋಗುತ್ತದೆ. ಆಹಾರ ತರುವ ಹೊತ್ತಿನಲ್ಲಿ ಇಟ್ಟರೆ ಅದೇ ಚೂರು ಆಹಾರವಾಗಿ ಗೂಡಿನ ಒಳಗೆ ಹೋಗುತ್ತದೆ. ಕಾಳಿನಲ್ಲೂ ಇದೇ ಆಮ್ಲ ಇರುತ್ತದೆ. ಹಿತ್ತಲಿನ ಹರಳು ಬೀಜವನ್ನು ನೋಡಿದ್ದೀರಲ್ಲ, ಅದರ ತುದಿಯಲ್ಲಿ ಒಂದು ಮೆತ್ತನೆಯ ಗಂಟು ಇರುತ್ತದೆ. ಅದು ಇರುವೆಗಳಿಗಾಗಿಯೇ ಗಿಡ ಇಟ್ಟ ಬುತ್ತಿ. ಇರುವೆಗಳು ಬೀಜವನ್ನು ಹೊತ್ತೊಯ್ದು, ಗಂಟು ತಿಂದು, ಉಳಿದ ಬೀಜವನ್ನು ತಿಪ್ಪೆಗೆ ಎಸೆಯುತ್ತವೆ. ಗೊಬ್ಬರ ಇರುವ ಜಾಗಕ್ಕೇ ಬೀಜ ಬಿತ್ತಿದ ಹಾಗಾಯಿತು! ಇಂಥ ಗಂಟುಗಳಲ್ಲೂ ಓಲಿಯಿಕ್ ಆಮ್ಲ ಇರುತ್ತದೆ. ಸತ್ತ ಹುಳದ ವಾಸನೆ ಮತ್ತು ಊಟದ ವಾಸನೆ ಇರುವೆಗೆ ಅಷ್ಟು ಹತ್ತಿರ.

ಇಷ್ಟೆಲ್ಲ ಯಾಕೆ? ಹೆಣ ಅಲ್ಲೇ ಬಿದ್ದಿದ್ದರೆ ಏನಾಗುತ್ತಿತ್ತು?

ಮಲೆನಾಡಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಜುಲೈ, ಆಗಸ್ಟಿನಲ್ಲಿ ನಮ್ಮಲ್ಲಿ ಬೂಸ್ಟು ಬಾರದ ವಸ್ತು ಯಾವುದಿದೆ? ಚಪ್ಪಲಿ, ಬೆಲ್ಟು, ಹಳೆ ಪುಸ್ತಕ, ಬಾಗಿಲ ಹಿಂದಿನ ಛತ್ರಿಯ ಹಿಡಿಕೆ, ಎಲ್ಲದಕ್ಕೂ ಬರುತ್ತದೆ. ಅಡಿಕೆಗೆ ಕೊಳೆರೋಗ. ಮಳೆಗೆ ಮುಂಚೆ ಮೈಲುತುತ್ತು, ಸುಣ್ಣ ಕಲಸಿ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಅಷ್ಟರಲ್ಲಿ ಮುಗಿಯುವುದಿಲ್ಲ. ಕೊಳೆ ಬಂದು ಉದುರಿದ ಕಾಯಿಯನ್ನು ಆರಿಸಿ ತೋಟದಿಂದ ಹೊರಗೆ ಹಾಕಬೇಕು. ಬುಡದಲ್ಲೇ ಬಿಟ್ಟರೆ ಅದೇ ಮುಂದಿನ ಮರದ ರೋಗಕ್ಕೆ ತವರು. ಇರುವೆಗಳು ಮಾಡುವುದು ಇದನ್ನೇ. ಬೆಚ್ಚಗೆ, ತೇವವಾಗಿ, ಇಕ್ಕಟ್ಟಾಗಿ, ಒಂದೇ ತಾಯಿಯ ಸಾವಿರಾರು ಮಕ್ಕಳು ಮೈಗೆ ಮೈ ತಾಗಿಸಿಕೊಂಡು ಬದುಕುವ ಜಾಗ ಗೂಡು. ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಹೊಲ ಇನ್ನೊಂದಿಲ್ಲ.

ಹೆಣದ ಅಪಾಯವನ್ನು ನಮ್ಮ ಜಿಲ್ಲೆ ಇನ್ನೊಂದು ರೀತಿಯಲ್ಲೂ ಕಲಿತಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಜನರಿಗೆ ಜ್ವರ ಬಂತು. ಅದೇ ಮಂಗನ ಕಾಯಿಲೆ. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ, ಆ ಜಾಗವೇ ಅಪಾಯದ ಜಾಗವಾಗುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ತಿಳಿಸಿ ಎಂದು ಇವತ್ತಿಗೂ ಬೇಸಿಗೆಯ ಮುಂಚೆ ಹಳ್ಳಿ ಹಳ್ಳಿಗೆ ಹೇಳಿಕೊಂಡು ಬರುತ್ತಾರೆ. ಅದಾದ ಮರುವರ್ಷವೇ ವಿಲ್ಸನ್ ಇರುವೆಯ ಹೆಣದ ಗುಟ್ಟು ಬಿಡಿಸಿದ್ದು. ಎರಡಕ್ಕೂ ಸಂಬಂಧವಿಲ್ಲ. ಆದರೂ ನನಗೆ ಒಂದನ್ನು ನೆನೆದರೆ ಇನ್ನೊಂದು ನೆನಪಾಗುತ್ತದೆ.

ಮೆಟಾರೈಜಿಯಂ ಎಂಬ ಹೆಸರನ್ನು ಅಡಿಕೆ ಬೆಳೆಗಾರರು ಕೇಳಿರುತ್ತಾರೆ. ಬೇರುಹುಳಕ್ಕೆಂದು ಗೊಬ್ಬರದ ಜೊತೆ ಕಲಸಿ ಬುಡಕ್ಕೆ ಹಾಕುವ ಪುಡಿ. ಅದು ಹುಳಗಳನ್ನು ಕೊಲ್ಲುವ ಶಿಲೀಂಧ್ರ, ಮಣ್ಣಿನಲ್ಲಿ ತಾನಾಗಿಯೂ ಇರುತ್ತದೆ. ಇರುವೆಗೂ ಅದು ಶತ್ರು. ಅದರ ಬೀಜಕಣ ಇರುವೆಯ ಮೈಗೆ ಅಂಟಿ, ಒಂದೆರಡು ದಿನದಲ್ಲಿ ಚರ್ಮ ತೂರಿ ಒಳಗೆ ಹೋಗುತ್ತದೆ. ಒಳಗೆ ಬೆಳೆದು ಇರುವೆಯನ್ನು ಕೊಲ್ಲುತ್ತದೆ. ಸತ್ತ ಕೂಡಲೇ ಅದು ಹರಡುವುದಿಲ್ಲ. ಇನ್ನೂ ಕೆಲವು ದಿನ ಬೇಕು. ಆಮೇಲೆ ಹೆಣದ ಮೈಯೊಡೆದು ಹೊರಬಂದು, ಹಸಿರು ಪುಡಿಯಂಥ ಲೆಕ್ಕವಿಲ್ಲದಷ್ಟು ಬೀಜಕಣಗಳನ್ನು ಚೆಲ್ಲುತ್ತದೆ. ಸಾವಿಗೂ ಈ ಹಸಿರು ಪುಡಿಗೂ ನಡುವೆ ಇರುವ ಆ ಕೆಲವು ದಿನಗಳೇ ಗೂಡಿಗೆ ಸಿಗುವ ಸಮಯ. ಗಂಟೆಯಲ್ಲಿ ಎತ್ತುವ ಇರುವೆಯೂ, ಎರಡು ದಿನಕ್ಕೆ ಎತ್ತುವ ಇರುವೆಯೂ ಆ ಗಡುವಿನ ಒಳಗೇ ಕೆಲಸ ಮುಗಿಸುತ್ತವೆ.

ಎತ್ತದಿದ್ದರೆ ನಿಜವಾಗಿಯೂ ತೊಂದರೆ ಆಗುತ್ತದೆಯೇ? ಬೆಲ್ಜಿಯಂನಲ್ಲಿ ಲೀಸ್ ಡೀಯೆಜ್ ಮತ್ತು ಸಂಗಡಿಗರು ಒಂದು ಜಾತಿಯ ಕೆಂಪಿರುವೆಯ ಗೂಡುಗಳಲ್ಲಿ ಹೆಣ ಹೊರಗೆ ಸಾಗಿಸಲು ಆಗದಂತೆ ಅಡ್ಡಿ ಮಾಡಿ ನೋಡಿದರು. 2014ರಲ್ಲಿ ಅದರ ಫಲ ಪ್ರಕಟವಾಯಿತು. ಒಂದು ವಾರ ಏನೂ ವ್ಯತ್ಯಾಸವಿಲ್ಲ. ಎಂಟನೇ ದಿನದಿಂದ ಅಂಥ ಗೂಡುಗಳಲ್ಲಿ ಕೆಲಸಗಾರ ಇರುವೆಗಳು ಹೆಚ್ಚು ಸಾಯತೊಡಗಿದವು. ಅವುಗಳಿಗೆ ಯಾವ ರೋಗವನ್ನೂ ಹೊರಗಿನಿಂದ ತಂದು ಹಾಕಿರಲಿಲ್ಲ ಎಂಬುದನ್ನು ಗಮನಿಸಿ. ಮಾಮೂಲಿ ಹೆಣಗಳು, ಮಾಮೂಲಿ ಗೂಡು. ಅಷ್ಟೇ ಸಾಕಾಯಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಇರುವೆಗಳಿವೆ. ಅವು ಹೆಣವಾಗುವುದಕ್ಕೂ ಕಾಯುವುದಿಲ್ಲ. ಸಿಲ್ವಿಯಾ ಕ್ರೆಮರ್ ಅವರ ತಂಡ ಆಸ್ಟ್ರಿಯಾದಲ್ಲಿ ನೋಡಿದ ಇರುವೆಗಳು, ಕೋಶದೊಳಗಿನ ಮರಿಗೆ ಶಿಲೀಂಧ್ರ ತಗುಲಿದೆ ಎಂದು ವಾಸನೆಯಿಂದ ಗೊತ್ತಾದರೆ, ಕೋಶ ಬಿಚ್ಚಿ, ಮರಿಯ ಮೈಗೆ ತೂತು ಮಾಡಿ, ತಮ್ಮ ಫಾರ್ಮಿಕ್ ಆಮ್ಲವನ್ನು ಒಳಗೆ ಸೇರಿಸುತ್ತವೆ. ಮರದ ಮೇಲೆ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಕಚ್ಚಿದಾಗ ಉರಿ ಹತ್ತಿಸುವುದೂ, ಚಗಳಿ ಚಟ್ನಿಗೆ ಹುಳಿ ಕೊಡುವುದೂ ಇದೇ ಆಮ್ಲ. ಮರಿಯೂ ಸಾಯುತ್ತದೆ, ಒಳಗಿನ ಶಿಲೀಂಧ್ರವೂ ಸಾಯುತ್ತದೆ, ಗೂಡು ಉಳಿಯುತ್ತದೆ.

ಹೊಸದಾಗಿ ಗೂಡು ಹೂಡುವ ರಾಣಿಯ ಪಾಡು ಇನ್ನೂ ಕಷ್ಟದ್ದು. ಮಳೆಗಾಲದ ಸಂಜೆ ದೀಪಕ್ಕೆ ಬಂದು ಬೀಳುವ ರೆಕ್ಕೆಯ ಇರುವೆಗಳಲ್ಲಿ ಬದುಕಿ ಉಳಿದ ರಾಣಿ, ರೆಕ್ಕೆ ಕಳಚಿ, ಮಣ್ಣೊಳಗೆ ಕೋಣೆ ತೋಡಿ, ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಕೆಲವು ಜಾತಿಗಳಲ್ಲಿ ಇಬ್ಬರು ರಾಣಿಯರು ಒಂದೇ ಕೋಣೆ ಹೂಡುವುದೂ ಉಂಟು. ಒಬ್ಬಳು ಸತ್ತರೆ ಇನ್ನೊಬ್ಬಳು ಹೆಣವನ್ನು ಹೊರಗೆ ಸಾಗಿಸುವಂತಿಲ್ಲ. ಬಾಗಿಲು ತೆಗೆದರೆ ಅವಳಿಗೇ ಅಪಾಯ. ಕ್ರಿಸ್ ಪುಲ್ ಮತ್ತು ಕ್ರೆಮರ್ 2017ರಲ್ಲಿ ವರದಿ ಮಾಡಿದ ಪ್ರಕಾರ, ಬದುಕುಳಿದ ರಾಣಿ ಹೆಣವನ್ನು ಕಚ್ಚಿ ತುಂಡು ಮಾಡಿ ಮಣ್ಣಲ್ಲಿ ಹೂಳುತ್ತಾಳೆ. ಹಾಗೆ ಮಾಡಿದ ರಾಣಿಯರು ಸಾಯುವ ಸಂಭವ, ಮಾಡದವರಿಗಿಂತ ಏಳು ಪಟ್ಟು ಕಡಿಮೆ ಇತ್ತು. ಪ್ಲಿನಿ ಹೇಳಿದ ಹೂಳುವಿಕೆ ಕೊನೆಗೂ ಒಂದು ಕಡೆ ಸಿಕ್ಕಿತು.

ಇನ್ನೊಂದು ಸಂಗತಿ ಇದೆ, ನನ್ನನ್ನು ಬಹಳ ಕಾಡಿದ್ದು. ಸಾಯುವ ಇರುವೆ ತಾನೇ ಎದ್ದು ಹೋಗುತ್ತದೆ. ಯೂರ್ಗೆನ್ ಹೈನ್ಸೆ ಮತ್ತು ಬಾರ್ಟೊಶ್ ವಾಲ್ಟರ್ ಜರ್ಮನಿಯಲ್ಲಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಶಿಲೀಂಧ್ರ ತಗುಲಿ ಸಾಯುತ್ತಿದ್ದ ಸಣ್ಣ ಇರುವೆಗಳು ಸಾವಿಗೆ ಕೆಲವು ಗಂಟೆ ಅಥವಾ ಕೆಲವು ದಿನ ಮುಂಚೆ ಗೂಡು ಬಿಟ್ಟು ಹೋದವು. ಮರಿಗಳನ್ನಾಗಲಿ ಜೊತೆಯವರನ್ನಾಗಲಿ ಮುಟ್ಟುವುದನ್ನು ನಿಲ್ಲಿಸಿದವು. ಒಂಟಿಯಾಗಿ ಸತ್ತವು. ಇದು ಶಿಲೀಂಧ್ರದ ಚಿತಾವಣೆ ಇರಬಹುದೇ ಎಂಬ ಅನುಮಾನ ಸಹಜ. ಏಕೆಂದರೆ ಮಳೆಕಾಡುಗಳಲ್ಲಿ ಅಂಥ ಶಿಲೀಂಧ್ರವೇ ಇದೆ. ಇರುವೆಯನ್ನು ಗೂಡಿನಿಂದ ಹೊರಡಿಸಿ, ಎಲೆಯ ನರವನ್ನು ಕಚ್ಚಿಸಿ ಹಾಗೇ ಕೊಂದು, ತಲೆಯ ಹಿಂದಿನಿಂದ ಕಡ್ಡಿಯಂತೆ ಮೊಳೆಯುವ ಒಫಿಯೋಕಾರ್ಡಿಸೆಪ್ಸ್. ಆದರೆ ಹೈನ್ಸೆ ಅವರು ಇಂಗಾಲದ ಡೈಆಕ್ಸೈಡ್ ಕೊಟ್ಟು ಆಯಸ್ಸು ಕಡಿಮೆ ಮಾಡಿದ, ರೋಗವೇ ಇಲ್ಲದ ಇರುವೆಗಳೂ ಹಾಗೇ ಹೊರಗೆ ಹೋದವು. ತಾನಾಗಿ ಸಾಯುತ್ತಿದ್ದವೂ ಹೋದವು. ಹಾಗಾಗಿ ಹೋಗುವುದು ಇರುವೆಯದೇ ನಡೆ. ಅದನ್ನು ತ್ಯಾಗ ಎಂದು ಕರೆಯಬೇಕೋ ಬೇಡವೋ ಎಂದು ನಾನು ತುಂಬ ಯೋಚಿಸಿದ್ದೇನೆ. ಇರುವೆಗೆ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಆದರೆ ಕೆಲಸಗಾರ ಇರುವೆಗೆ ಸಾಮಾನ್ಯವಾಗಿ ತನ್ನದೇ ಮಕ್ಕಳಿಲ್ಲ. ಅದರ ವಂಶ ಬೆಳೆಯುವುದು ತಾಯಿಯ ಮೂಲಕ, ತಂಗಿಯರ ಮೂಲಕ. ಗೂಡು ಉಳಿದರೆ ಅದೂ ಉಳಿದಂತೆ.

ಗಾಯಗೊಂಡವರನ್ನೂ ಹೀಗೇ ಎಸೆಯುತ್ತವೆಯೇ ಎಂದು ಕೇಳಬಹುದು. ಆಫ್ರಿಕಾದ ಮಟಬೆಲೆ ಇರುವೆಗಳು ಒರಲೆ ಬೇಟೆಗೆ ಹೋಗಿ ಕಾಲು ಮುರಿದುಕೊಂಡ ಸಂಗಾತಿಗಳನ್ನು ಗೂಡಿಗೆ ಹೊತ್ತು ತಂದು, ಗಾಯ ನೆಕ್ಕಿ ವಾಸಿ ಮಾಡುತ್ತವೆ. ಎರಿಕ್ ಫ್ರಾಂಕ್ ಇದನ್ನು ಐವರಿ ಕೋಸ್ಟ್‌ನಲ್ಲಿ ಕಂಡು, ಹೊತ್ತು ತರುವುದನ್ನು 2017ರಲ್ಲಿ, ಗಾಯ ನೆಕ್ಕುವುದನ್ನು 2018ರಲ್ಲಿ ಬರೆದರು. ಅಕ್ಕನ ಮಗಳು ಕೇಳಿದ ಆಸ್ಪತ್ರೆ ಹಾಗಾದರೆ ಸುಳ್ಳಲ್ಲ. ಬೇರೆ ಊರಿನ ಬೇರೆ ಇರುವೆಯಲ್ಲಿ ಇದೆ.

ಈಗ ಆ ಗುಡ್ಡೆಯ ವಿಷಯಕ್ಕೆ ಬರೋಣ. ಹಾಳೆಯ ಅಡಿಯೇ ತಿಪ್ಪೆ ಎಂದು ಯಾರು ನಿರ್ಧಾರ ಮಾಡಿದರು? ಯಾರೂ ಇಲ್ಲ. ಗೂಡಿನಲ್ಲಿ ಹೇಳುವ ಯಜಮಾನ ಇಲ್ಲ. ರಾಣಿ ಮೊಟ್ಟೆ ಇಡುತ್ತಾಳೆಯೇ ಹೊರತು ಅಪ್ಪಣೆ ಕೊಡುವುದಿಲ್ಲ. ಜಾನ್-ಲೂಯಿ ಡೆನೆಬೂರ್ಗ್, ಗಿ ಥೆರೋಲಾ ಮೊದಲಾದವರು ಈ ಪ್ರಶ್ನೆಯನ್ನು ಹಿಡಿದರು. ಒಂದು ದುಂಡನೆಯ ಬಯಲಿನಲ್ಲಿ 1,500 ಇರುವೆ ಹೆಣಗಳನ್ನು ಚೆಲ್ಲಾಪಿಲ್ಲಿ ಹರಡಿ ಕೆಲಸಗಾರ ಇರುವೆಗಳನ್ನು ಬಿಟ್ಟರೆ, ಎರಡು ಗಂಟೆಯಲ್ಲಿ ಸಣ್ಣ ಸಣ್ಣ ಗುಂಪುಗಳು ಕಾಣುತ್ತವೆ. 26 ಗಂಟೆಯ ಹೊತ್ತಿಗೆ ಕೆಲವೇ ದೊಡ್ಡ ಗುಡ್ಡೆಗಳು. ಇದರ ಹಿಂದಿನ ನಿಯಮ ಇಷ್ಟೇ. ಒಂಟಿ ಹೆಣ ಸಿಕ್ಕರೆ ಎತ್ತುವ ಸಂಭವ ಜಾಸ್ತಿ, ಹೆಣಗಳ ನಡುವಿನ ಹೆಣವನ್ನು ಎತ್ತುವ ಸಂಭವ ಕಡಿಮೆ. ಹೊತ್ತು ಹೋಗುವಾಗ ಸುತ್ತ ಹೆಣಗಳಿದ್ದರೆ ಇಳಿಸುವ ಸಂಭವ ಜಾಸ್ತಿ. ಪೇಟೆಯ ಬೀದಿ ತಿರುವಿನಲ್ಲಿ ಒಬ್ಬರು ಒಂದು ಕಸದ ಚೀಲ ಇಟ್ಟರೆ ಸಂಜೆಯೊಳಗೆ ಅಲ್ಲಿ ಹತ್ತು ಚೀಲ ಆಗುತ್ತದಲ್ಲ, ಹಾಗೆ. ಮೊದಲು ಬಿದ್ದ ಹೆಣವೇ ಮುಂದಿನದನ್ನು ಕರೆಯುತ್ತದೆ. ಗುಂಪು ದೊಡ್ಡದಾದಷ್ಟೂ ಇನ್ನೂ ದೊಡ್ಡದಾಗುತ್ತದೆ. ಈ ನಿಯಮವನ್ನೇ ಬಳಸಿ ಕಂಪ್ಯೂಟರಿನಲ್ಲಿ ರಾಶಿ ಮಾಹಿತಿಯನ್ನು ಗುಂಪು ಮಾಡುವ ಲೆಕ್ಕಾಚಾರಗಳನ್ನೂ ಮಾಡಿದ್ದಾರೆ.

ಎಲ್ಲ ಇರುವೆಯೂ ಗುಡ್ಡೆ ಹಾಕುವುದಿಲ್ಲ. ಕೆಲವು ಸುಮ್ನೆ ದೂರ ಒಯ್ದು ಎಲ್ಲೆಂದರಲ್ಲಿ ಬಿಟ್ಟು ಬರುತ್ತವೆ. ಕಸಕ್ಕೆಂದು ಗೂಡಿನೊಳಗೇ ಬೇರೆ ಕೋಣೆ ಇಟ್ಟುಕೊಂಡವೂ ಇವೆ. ಅದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಜೋಗದಲ್ಲೇ ಇದೆ. ದೊಡ್ಡ ಕಣ್ಣಿನ, ಉದ್ದ ದವಡೆಯ, ಕುಪ್ಪಳಿಸಿ ಬೇಟೆ ಹಿಡಿಯುವ ಜಿಗಿಯುವ ಇರುವೆ. ಜೋಗದ ಸುತ್ತ ಅದರ ಗೂಡುಗಳನ್ನು ಅಗೆದು ನೋಡಿದವರು 1994ರಲ್ಲಿ ಬರೆದರು. ಮೇಲಿನ ಕೋಣೆಗೆ ಕಮಾನಿನಂಥ ದಪ್ಪ ಛಾವಣಿ, ಸುತ್ತ ಖಾಲಿ ಜಾಗ, ಒಳಗೋಡೆಗೆ ಮರಿಗಳು ಬಿಟ್ಟುಹೋದ ಕೋಶದ ಪಟ್ಟಿಗಳ ಹೊದಿಕೆ. ಕಸದ ಕೋಣೆ ಮಾತ್ರ ಯಾವಾಗಲೂ ವಾಸದ ಕೋಣೆಗಳಿಗಿಂತ ಕೆಳಗೆ. ಅಲ್ಲಿ ನೊಣದ ಹುಳಗಳು ಬದುಕುತ್ತವೆ. ಇಂಥ ಮನೆ ಕಟ್ಟುವುದು ನೆರೆಯಿಂದ ಪಾರಾಗಲು ಇರಬಹುದು ಎಂದು ಅವರ ಊಹೆ. ಜೋಗದ ಮಳೆ ನೋಡಿದವರು ಇದನ್ನು ಒಪ್ಪುತ್ತಾರೆ.

ರಾಣಿ ಸತ್ತರೆ? ಅಲ್ಲಿಯೂ ವಾಸನೆಯದೇ ಆಟ. ರಾಣಿಯ ಮೈಯ ವಾಸನೆ ಬಲವಾದದ್ದು, ಸತ್ತ ಮೇಲೂ ದಿನಗಟ್ಟಲೆ ಉಳಿಯುತ್ತದೆ. ಹಾಗಾಗಿ ಹಲವು ಜಾತಿಗಳಲ್ಲಿ ಕೆಲಸಗಾರರು ಸತ್ತ ರಾಣಿಯನ್ನು ತಕ್ಷಣ ಎಸೆಯುವುದಿಲ್ಲ. ಬದುಕಿದ್ದಾಗಿನಂತೆಯೇ ಸುತ್ತ ನೆರೆದು ನೆಕ್ಕುತ್ತಾ, ಒರೆಸುತ್ತಾ ಇರುತ್ತವೆ. ನೋಡಿದವರಿಗೆ ಅದು ದುಃಖದ ಹಾಗೆಯೇ ಕಾಣುತ್ತದೆ. ಅವುಗಳ ಮಟ್ಟಿಗೆ ರಾಣಿ ಇನ್ನೂ ಸತ್ತಿಲ್ಲ.

ಇದೆಲ್ಲ ಹೇಳಿದ ಮೇಲೆ ಅಕ್ಕನ ಮಗಳು ಸುಮ್ಮನಿರಲಿಲ್ಲ. ಕಿಟಕಿಯ ಬಳಿ ಸತ್ತು ಬಿದ್ದಿದ್ದ ಒಂದು ಕಟ್ಟಿರುವೆಯನ್ನು ಕಾಗದದ ಮೇಲೆ ಎತ್ತಿ ತಂದು ಮೆಟ್ಟಿಲ ದಾರಿಯಲ್ಲಿ ಇಟ್ಟಳು. ಗುರುತಿಗೆ ಅರಿಶಿನ ಹಚ್ಚುತ್ತೇನೆ ಎಂದಳು. ಅರಿಶಿನದ ವಾಸನೆ ಹತ್ತಿದರೆ ಎಲ್ಲ ಕೆಟ್ಟಿತು ಎಂದು ತಡೆದೆ. ಅದರ ಎಡ ಮೀಸೆ ಮುರಿದಿತ್ತು, ಅದನ್ನೇ ಗುರುತು ಇಟ್ಟುಕೊಂಡೆವು. ಅವತ್ತು ಸಾಲಿನ ಇರುವೆಗಳು ಬಂದವು, ಮುಟ್ಟಿದವು, ಹೋದವು. ರಾತ್ರಿ ಮಲಗುವಾಗಲೂ ಅಲ್ಲೇ ಇತ್ತು. ಮರುದಿನ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಜಾಗ ಖಾಲಿ. ಅವಳು ಓಡಿಹೋಗಿ ಹಾಳೆ ಎತ್ತಿದಳು. ರಾತ್ರಿಯ ಮಳೆಗೆ ಹಳೆಯ ಗುಡ್ಡೆ ಅರ್ಧ ಕೊಚ್ಚಿಹೋಗಿತ್ತು. ಉಳಿದದ್ದರ ಮೇಲೆ, ತುದಿಯಲ್ಲಿ, ಎಡ ಮೀಸೆ ಮುರಿದ ಕಟ್ಟಿರುವೆ ಮಲಗಿತ್ತು.